ಉಜ್ಜಿ ಅಳಿಸಿದ ಅಂಕಿಗಳು

ಬಹಳ ದಿನಗಳಿಂದ ಏನನ್ನೂ ಬರೆದಿಲ್ಲವೆಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಪ್ರೀತಿಯಿಂದ ಆಕ್ಷೇಪಿಸಿದ್ದಾರೆ. ಬರೆಯಲು ವಿಷಯವಿರಲಿಲ್ಲವೆಂದಲ್ಲ, ಮನಸ್ಸು ನೆಮ್ಮದಿಯಾಗಿರಲಿಲ್ಲ. ಕಳೆದ ಆಷಾಢದ ಒಂದು ರಾತ್ರಿ ನಮ್ಮ ಮನೆಯಲ್ಲಿ ನಡೆದ ಪ್ರಸಂಗವೇ ಇಂದಿನ ಬರಹಕ್ಕೆ ಕಾರಣ. ಅದನ್ನು ಹೇಳಿ, ಅಲ್ಲಿಂದ ಹುಟ್ಟಿದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ಅಕ್ಕ ಈಗ ನನ್ನ ಮನೆಯಲ್ಲಿಯೇ ಇದ್ದಾರೆಂಬುದು ಬಂಧುಗಳೆಲ್ಲರಿಗೂ ತಿಳಿದ ಸಂಗತಿ. ಅವರಿಗೆ ಎಂಬತ್ತು ದಾಟಿದೆ. ಐವತ್ತು ವರ್ಷ ಸೌದೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡಿದ ಶ್ವಾಸಕೋಶಗಳು ಸೋತಿವೆ. ರಾತ್ರಿ ಮಲಗುವಾಗ ಆಮ್ಲಜನಕ ಕೊಡಬೇಕೆಂದು ವೈದ್ಯರು ಹೇಳಿದ ಮೇಲೆ ಆಕ್ಸಿಜನ್ ಕಾನ್ಸಂಟ್ರೇಟರ್ ಎಂಬ ಯಂತ್ರವನ್ನು ತಂದಿರಿಸಿದ್ದೇವೆ. ಅದರ ತತ್ತ್ವ ಸರಳವಾದುದು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಜಿಯೊಲೈಟ್ ಎಂಬ ಖನಿಜದ ಹರಳುಗಳ ಮೂಲಕ ಗಾಳಿಯನ್ನು ಒತ್ತಡದಿಂದ ಹಾಯಿಸಿದರೆ ಸಾರಜನಕವು ಅಲ್ಲಿ ಸಿಕ್ಕಿಕೊಂಡು, ಬಹುಪಾಲು ಆಮ್ಲಜನಕವೇ ಹೊರಬರುತ್ತದೆ. ಒಂಬತ್ತನೆಯ ತರಗತಿಯ ಮಕ್ಕಳಿಗೂ ವಿವರಿಸಬಹುದು. ಆದರೆ ಯಂತ್ರಕ್ಕೆ ವಿದ್ಯುತ್ ಬೇಕು. ನಮ್ಮ ತಿಪಟೂರಿನ ಕಡೆ ಮಳೆಗಾಲದಲ್ಲಿ ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ ವಿದ್ಯುತ್ ಯಾವಾಗ ಬಂದೀತೆಂದು ಹೇಳುವವರಿಲ್ಲ. ಅದಕ್ಕಾಗಿಯೇ ಹೊಸ ಇನ್ವರ್ಟರ್ ಒಂದನ್ನು ಕೊಂಡಿದ್ದೆವು.

ಆ ರಾತ್ರಿ ಹತ್ತು ಗಂಟೆಯ ಸುಮಾರಿಗೆ ದೊಡ್ಡ ಗುಡುಗಿನೊಂದಿಗೆ ವಿದ್ಯುತ್ ಹೋಯಿತು. ಇನ್ವರ್ಟರ್ ಒಮ್ಮೆ ಕೀಚೆಂದು ಕೂಗಿ ಸುಮ್ಮನಾಯಿತು. ಸುಟ್ಟ ವಾಸನೆ ಬಂತು. ವೈದ್ಯರ ಸಲಹೆಯಂತೆ ಇಟ್ಟುಕೊಂಡಿದ್ದ ಸಣ್ಣ ಸಿಲಿಂಡರಿಗೆ ಅಕ್ಕನ ನಳಿಕೆಯನ್ನು ಜೋಡಿಸಿದೆವು. ಅದು ಬೆಳಗಿನವರೆಗೆ ಬಾರದೆಂಬುದು ನನಗೆ ಗೊತ್ತಿತ್ತು. ಅಕ್ಕ ಮಾತ್ರ, "ನೀನು ಮಲಗೋ, ನನಗೇನೂ ಆಗಿಲ್ಲ" ಎನ್ನುತ್ತಲೇ ಇದ್ದರು.

ಪೇಟೆಯಲ್ಲಿ ರೇಡಿಯೋ, ಟಿವಿ, ಮೋಟಾರ್ ಸ್ಟಾರ್ಟರ್ ರಿಪೇರಿಯ ಅಂಗಡಿ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿದೆ. ಹೆಸರು ಬರೆದರೆ ಅವನಿಗೆ ಸಂಕೋಚವಾದೀತು. 1984ರಲ್ಲಿ ನನ್ನ ಹತ್ತನೆಯ ತರಗತಿಯಲ್ಲಿದ್ದವನು ಎಂದಷ್ಟೇ ಹೇಳುತ್ತೇನೆ. ಅವನೊಂದಿಗೆ ಓದಿದವರಿಗೆ ಯಾರೆಂದು ಗೊತ್ತಾಗುತ್ತದೆ. ಮಳೆಯಲ್ಲಿ ನೆನೆಯುತ್ತ ಸ್ಕೂಟರಿನಲ್ಲಿ ಬಂದ. ಇನ್ವರ್ಟರಿನ ಮುಚ್ಚಳ ತೆಗೆದು ಟಾರ್ಚ್ ಹಿಡಿದು ನೋಡಿದ.

"ಸಾರ್, ಮಾಸ್‌ಫೆಟ್ ಎರಡು ಹೋಗಿವೆ. ಅವು ನನ್ನ ಹತ್ರ ಇವೆ, ಹಾಕಿಬಿಡ್ತೀನಿ. ಆದರೆ ಕಂಟ್ರೋಲ್ ಮಾಡೋ ಐಸಿ ಕೂಡ ಹೋದ ಹಾಗಿದೆ. ನೋಡಿ ಇಲ್ಲಿ."

ನಾನು ಕನ್ನಡಕ ಸರಿಪಡಿಸಿಕೊಂಡು ನೋಡಿದೆ. ಬೋರ್ಡಿನ ನಡುವೆ ಒಂದು ಕಪ್ಪು ಚೌಕ. ಅದರ ಮೇಲೆ ಇರಬೇಕಾಗಿದ್ದ ಅಂಕಿಗಳನ್ನು ಉಪ್ಪುಕಾಗದದಿಂದ ಉಜ್ಜಿ ಅಳಿಸಿದ್ದರು. ಬಳಪದ ಕಲ್ಲಿನ ಮೇಲೆ ಬರೆದುದನ್ನು ಒರೆಸಿದಂತೆ ಮಬ್ಬು ಗೆರೆಗಳು ಮಾತ್ರ ಉಳಿದಿದ್ದವು.

"ಯಾಕಯ್ಯಾ ಹೀಗೆ?"

"ನಮ್ಮಂಥವರಿಗೆ ಗೊತ್ತಾಗಬಾರದು ಅಂತ ಸಾರ್."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬರುತ್ತಿದೆ ಎಂದು ಹೇಳುವ ಹಾಗೆ ಹೇಳಿದ. ಬಳಿಕ ಅಂಗಡಿಗೆ ಹಿಂದಿರುಗಿ, ಹದಿನೈದು ವರ್ಷಗಳ ಹಿಂದೆ ತಾನೇ ಜೋಡಿಸಿದ್ದ ಇನ್ವರ್ಟರ್ ಒಂದನ್ನು ಆಟೋದಲ್ಲಿ ಹೇರಿಕೊಂಡು ಬಂದ. ಅದರಲ್ಲಿದ್ದುದು ಎಸ್‌ಜಿ3525 ಎಂಬ ಹದಿನಾರು ಕಾಲಿನ ಐಸಿ. ಅದರ ಒಂದೊಂದು ಕಾಲಿನ ಕೆಲಸವೂ ಯಾರು ಬೇಕಾದರೂ ಓದಬಹುದಾದ ಕೆಲವು ಪುಟಗಳಲ್ಲಿ ಅಚ್ಚಾಗಿದೆ. "ಸ್ಕ್ವೇರ್ ವೇವ್ ಸಾರ್, ಕಂಪ್ರೆಸರ್ ಸ್ವಲ್ಪ ಗೊರಗುಟ್ಟುತ್ತೆ, ಬಿಸಿಯೂ ಆಗುತ್ತೆ. ಒಂದು ರಾತ್ರಿಗೆ ತೊಂದರೆಯಿಲ್ಲ, ನಾನು ಇಲ್ಲೇ ಕೂತು ನೋಡ್ತಿರ್ತೀನಿ" ಎಂದ. ಬೆಳಗಿನ ಜಾವ ವಿದ್ಯುತ್ ಬರುವವರೆಗೆ ಆ ಹಳೆಯ ಪೆಟ್ಟಿಗೆ ದುಡಿಯಿತು. ಅದರ ಪಕ್ಕದಲ್ಲಿ ಅವನು ಗೋಡೆಗೊರಗಿ ಕುಳಿತೇ ಇದ್ದ. ಹೊಸ ಪೆಟ್ಟಿಗೆ ಮೂಲೆಯಲ್ಲಿ ಸತ್ತು ಬಿದ್ದಿತ್ತು. ಅದರ ತಯಾರಕರಿಗೆ ಮರುದಿನ ಫೋನ್ ಮಾಡಿದಾಗ, ಬಿಡಿಭಾಗ ಬದಲಿಸುವ ಪದ್ಧತಿಯಿಲ್ಲ, ಇಡೀ ಬೋರ್ಡನ್ನೇ ಬದಲಿಸಬೇಕು ಎಂಬ ಉತ್ತರ ಬಂತು. ಬೋರ್ಡು ಬಂದದ್ದು ಹನ್ನೊಂದು ದಿನಗಳ ಮೇಲೆ.

ಇಷ್ಟು ನಡೆದ ಸಂಗತಿ. ಈಗ ನನ್ನ ವಿಚಾರಕ್ಕೆ ಬರುತ್ತೇನೆ. ಬಿಡಿಭಾಗಗಳನ್ನು ತಯಾರಿಸುವವರು ಅವುಗಳ ತಾಂತ್ರಿಕ ವಿವರಗಳನ್ನು ಯಾರಿಗೆ ಕೊಡಬೇಕು? ಸಗಟಾಗಿ ಕೊಂಡು ಯಂತ್ರ ತಯಾರಿಸುವ ಕಂಪನಿಗೆ ಮಾತ್ರವೋ, ಅಥವಾ ಕೊನೆಯಲ್ಲಿ ಆ ಯಂತ್ರವನ್ನು ಮನೆಯಲ್ಲಿಟ್ಟುಕೊಂಡು ಬಳಸುವ ನಮ್ಮ ಅಕ್ಕನಂಥವರಿಗೂ, ಅವರ ಪರವಾಗಿ ಮುಚ್ಚಳ ತೆಗೆಯುವ ನನ್ನ ವಿದ್ಯಾರ್ಥಿಯಂಥವರಿಗೂ ಕೊಡಬೇಕೋ?

ನನ್ನ ತಲೆಮಾರಿನವರಿಗೆ ಈ ಪ್ರಶ್ನೆ ಹೊಸದು. ನಮ್ಮ ತಂದೆಯವರು ಕೊಂಡಿದ್ದ ವಾಲ್ವ್ ರೇಡಿಯೋ ನೆನಪಾಗುತ್ತದೆ. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಿ ರೇಡಿಯೋ ಕೇಳಬೇಕಾಗಿದ್ದ ಕಾಲ ಅದು. ಅದರ ಹಿಂಬದಿಯ ರಟ್ಟನ್ನು ತೆಗೆದರೆ ಒಳಗೆ ಒಂದು ಕಾಗದ ಅಂಟಿಸಿತ್ತು. ಯಾವ ವಾಲ್ವ್ ಎಲ್ಲಿ, ಯಾವುದರಿಂದ ಯಾವುದಕ್ಕೆ ತಂತಿ ಎಂಬುದೆಲ್ಲ ಅದರಲ್ಲಿ ಚಿತ್ರಿತವಾಗಿತ್ತು. ಆ ಕಾಗದವನ್ನು ನೋಡಿದ ದಿನವೇ ನನಗೆ ಭೌತಶಾಸ್ತ್ರದ ಹುಚ್ಚು ಹತ್ತಿತೆಂದು ಹೇಳಿದರೆ ಉತ್ಪ್ರೇಕ್ಷೆಯಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ನಮ್ಮ ನಾಡಿನಲ್ಲಿಯೇ ಬಿಡಿಭಾಗಗಳು ಹುಟ್ಟುತ್ತಿದ್ದ ಆ ಕಾಲದಲ್ಲಿ, ಅವುಗಳ ಗುಣಲಕ್ಷಣಗಳನ್ನು ಅಚ್ಚುಹಾಕಿ ಹಂಚುವುದು ಮಾರಾಟದ ಒಂದು ಅಂಗವೇ ಆಗಿತ್ತು. ತಿಳಿಯದ ವಸ್ತುವನ್ನು ಯಾರು ಕೊಂಡಾರು?

1984ಕ್ಕೆ ಬರೋಣ. ಆ ವರ್ಷ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ, ತೊಟ್ಟಿಯಲ್ಲಿ ನೀರು ತುಂಬಿದಾಗ ಕೂಗುವ ಗಂಟೆಯೊಂದನ್ನು ಮಾಡುವುದೆಂದು ನಿಶ್ಚಯಿಸಿದೆವು. ಅದಕ್ಕೆ 555 ಎಂಬ ಐಸಿ ಬೇಕಾಗಿತ್ತು. ಇದರ ಕಥೆಯನ್ನು ಸ್ವಲ್ಪ ಹೇಳಬೇಕು. ಹಾನ್ಸ್ ಕಾಮೆನ್‌ಜಿಂಡ್ ಎಂಬ ಸ್ವಿಸ್ ಮೂಲದ ತಂತ್ರಜ್ಞರು ಅಮೆರಿಕದ ಸಿಗ್ನೆಟಿಕ್ಸ್ ಕಂಪನಿಗಾಗಿ ಇದನ್ನು 1971ರಲ್ಲಿ ರೂಪಿಸಿದರು, 1972ರಲ್ಲಿ ಮಾರುಕಟ್ಟೆಗೆ ಬಂತು. ಎಂಟೇ ಕಾಲುಗಳು. ಕಾಲವನ್ನು ಅಳೆಯುವುದೇ ಇದರ ಕೆಲಸ. ಐವತ್ತು ವರ್ಷಗಳು ಕಳೆದ ಮೇಲೂ ಇದು ಅಂಗಡಿಗಳಲ್ಲಿ ದೊರೆಯುತ್ತದೆ.

ಬೆಂಗಳೂರಿನ ಎಸ್. ಪಿ. ರಸ್ತೆಯಿಂದ ಮೂರು ಐಸಿಗಳನ್ನು ತಂದೆ. ಹುಡುಗರೆದುರು ಜಂಬದಿಂದ ಜೋಡಿಸಿದೆ. ಮೂರೂ ಸುಟ್ಟುಹೋದವು. ಆಗಿನ ನಮ್ಮ ಪರಿಸ್ಥಿತಿಗೆ ಅದು ಸಣ್ಣ ನಷ್ಟವಲ್ಲ. ತಪ್ಪು ನನ್ನದೇ ಎಂದು ನನಗೆ ತಿಳಿದದ್ದು ಮುಂದಿನ ಭಾನುವಾರ, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ಡೇಟಾ ಬುಕ್ ಒಂದು ಕೈಗೆ ಸಿಕ್ಕಾಗ. ಐಸಿಯ ಒಂದು ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಕಚ್ಚನ್ನು ಮೇಲ್ಮುಖವಾಗಿಟ್ಟು ನೋಡಿದಾಗ ಎಡಗಡೆಯ ಮೇಲಿನದು ಒಂದನೆಯ ಕಾಲು. ಎಡಗಡೆ ಇಳಿದು ಬಲಗಡೆ ಏರುತ್ತ ಎಣಿಸಬೇಕು. ಹಾಗಾಗಿ ಎಂಟನೆಯ ಕಾಲು ಒಂದನೆಯದರ ಎದುರಿಗೇ ಬರುತ್ತದೆ. ನಾನು ಬಲಗಡೆಯಿಂದ ಎಣಿಸಿದ್ದೆ. ಬ್ಯಾಟರಿಯ ಧನಾಗ್ರಕ್ಕೆ ಸೇರಬೇಕಾದ ಎಂಟನೆಯ ಕಾಲು ಋಣಾಗ್ರಕ್ಕೂ, ಒಂದನೆಯ ಕಾಲು ಧನಾಗ್ರಕ್ಕೂ ಸೇರಿಕೊಂಡಿದ್ದವು. ಮೇಷ್ಟ್ರ ಪಾಂಡಿತ್ಯ ಹೀಗಿತ್ತು!

ಆ ಪುಟದಲ್ಲಿ ಇನ್ನೊಂದು ಸಾಲು ಸೂತ್ರವಿತ್ತು. ರೋಧವನ್ನೂ ಕೆಪಾಸಿಟರಿನ ಧಾರಕತೆಯನ್ನೂ ಗುಣಿಸಿ, ಬಂದುದನ್ನು 1.1ರಿಂದ ಗುಣಿಸಿದರೆ ಗಂಟೆ ಎಷ್ಟು ಸೆಕೆಂಡು ಕೂಗುವುದೆಂಬುದು ಸಿಗುತ್ತದೆ. ಒಂದು ಲಕ್ಷ ಓಮ್ ರೋಧ, 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರೆ 11 ಸೆಕೆಂಡು. ಹುಡುಗರು ಮೊದಲು ಲೆಕ್ಕ ಮಾಡಿದರು, ಬಳಿಕ ಹೊಸ ಐಸಿ ತಂದು ಜೋಡಿಸಿ, ಆಟದ ಮೇಷ್ಟ್ರ ಸ್ಟಾಪ್‌ವಾಚ್ ಹಿಡಿದು ಎಣಿಸಿದರು. 12 ಸೆಕೆಂಡು ಬಂತು. ಒಂದು ಸೆಕೆಂಡು ಎಲ್ಲಿಂದ ಬಂತೆಂದು ಕೇಳಿದವನು ಅವನೇ, ಮೊನ್ನೆ ಮಳೆಯಲ್ಲಿ ಬಂದವನು. ಕೆಪಾಸಿಟರಿನ ಮೇಲೆ ಬರೆದ ಬೆಲೆಗೂ ನಿಜವಾದ ಬೆಲೆಗೂ ವ್ಯತ್ಯಾಸವಿರುತ್ತದೆಂದು ಅದೇ ಪುಸ್ತಕ ನೋಡಿ ಹೇಳಿದೆ. ಆ ಪುಟವನ್ನು ಅವನು ಕೈಯಲ್ಲಿ ನಕಲು ಮಾಡಿಕೊಂಡ. ಮನೆಯ ಸ್ಥಿತಿಯಿಂದಾಗಿ ಅವನಿಗೆ ಪಿಯುಸಿ ಮುಂದುವರಿಸಲಾಗಲಿಲ್ಲ. ಆದರೆ ಅವನ ಅನ್ನದ ದಾರಿ ಆ ನಕಲು ಮಾಡಿದ ಹಾಳೆಯಿಂದ ಆರಂಭವಾಯಿತು. ಬಿಡಿಭಾಗ ತಯಾರಿಸಿದ ಕಂಪನಿಗೆ ತಿಪಟೂರು ಎಂಬ ಊರಿದೆಯೆಂದೇ ಗೊತ್ತಿದ್ದಿರಲಾರದು. ಆದರೂ ಅವರು ಬರೆದು ಹಂಚಿದ ಎರಡು ಪುಟ ಇಲ್ಲಿ ಒಂದು ಸಂಸಾರವನ್ನು ಸಾಕಿತು, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿತು.

ಆ ರಾತ್ರಿಯ ಮರುದಿನ ಅಕ್ಕನ ಮಗ ಬೆಂಗಳೂರಿನಿಂದ ಓಡಿಬಂದ. ಅವನು ಐಸಿಗಳನ್ನು ವಿನ್ಯಾಸಗೊಳಿಸುವ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ತಾಯಿಯನ್ನು ಮಾತಾಡಿಸಿ ಸಮಾಧಾನವಾದ ಮೇಲೆ, ಜಗಲಿಯಲ್ಲಿ ಕಾಫಿ ಕುಡಿಯುತ್ತ ಅವನೆದುರು ನನ್ನ ದೂರನ್ನು ಮಂಡಿಸಿದೆ. ಅವನು ತಾಳ್ಮೆಯಿಂದ ಕೇಳಿ ಹೇಳಿದ ಮಾತುಗಳನ್ನು ನ್ಯಾಯವಾಗಿ ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

"ಮಾವ, ಮೊದಲನೆಯದಾಗಿ, ಆ ಅಂಕಿ ಉಜ್ಜಿದವರು ಐಸಿ ಮಾಡಿದವರಲ್ಲ, ಇನ್ವರ್ಟರ್ ಮಾಡಿದವರು. ಐಸಿಯವರು ಅದರ ವಿವರಗಳನ್ನು ಪ್ರಕಟಿಸಿಯೇ ಇರಬಹುದು. ಎರಡನೆಯದು, ಅದು ಮೈಕ್ರೊಕಂಟ್ರೋಲರ್ ಆಗಿದ್ದರೆ ಅದರ ನಂಬರ್ ಗೊತ್ತಾದರೂ ಪ್ರಯೋಜನವಿಲ್ಲ. ಒಳಗೆ ಬರೆದಿರುವ ಪ್ರೋಗ್ರಾಮ್ ಇನ್ವರ್ಟರಿನವರದ್ದು. ಖಾಲಿ ಐಸಿ ತಂದು ಹಾಕಿದರೆ ಅದು ಖಾಲಿ ಸ್ಲೇಟಿನ ಹಾಗೆ."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ, ಏಕೆಂದರೆ ಅದು ಸತ್ಯ. ಅವನು ಮುಂದುವರಿಸಿದ. ಹಿಂದಿನ ಐಸಿಗಳ ವಿವರ ಕೆಲವೇ ಪುಟಗಳಲ್ಲಿ ಮುಗಿಯುತ್ತಿತ್ತು, ಈಗಿನವುಗಳ ಕೈಪಿಡಿ ಸಾವಿರ ಪುಟಗಳನ್ನು ಮೀರುತ್ತದೆ. ಅದನ್ನು ಪ್ರಕಟಿಸಿದರೆ ಓದಿದ ಪ್ರತಿಯೊಬ್ಬರೂ ಪ್ರಶ್ನೆ ಕೇಳುತ್ತಾರೆ, ಉತ್ತರಿಸಲು ಜನರನ್ನು ನೇಮಿಸಬೇಕು. ಒಂದೇ ಐಸಿ ಕೊಳ್ಳುವವನಿಂದ ಆ ಖರ್ಚು ಹುಟ್ಟುವುದಿಲ್ಲ. ಪ್ರತಿಸ್ಪರ್ಧಿಗಳು ಸುಳಿವು ಹಿಡಿಯುತ್ತಾರೆ. ಇನ್ನು ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡುವ ಐಸಿಯ ವಿವರ ಓದಿ ಯಾರೋ ಅರೆಬರೆ ತಿಳಿದವರು ಮಿತಿಯನ್ನು ಬದಲಿಸಿ, ಬೆಂಕಿ ಹೊತ್ತಿದರೆ ಹೊಣೆ ಯಾರದು? "ನಮ್ಮ ಕಂಪನಿಯ ಕೆಲವು ಐಸಿಗಳ ಕೈಪಿಡಿ ಬೇಕಾದರೆ ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಬೇಕು, ದೊಡ್ಡ ಆರ್ಡರ್ ಕೊಡಬೇಕು. ಇದು ದುರುದ್ದೇಶವಲ್ಲ ಮಾವ, ವ್ಯಾಪಾರ" ಎಂದ.

ವ್ಯಾಪಾರವನ್ನು ನಾನು ಹಳಿಯುವವನಲ್ಲ. ಆದರೂ ಎರಡು ಮೂರು ದಿನ ಯೋಚಿಸಿದ ಮೇಲೆ ಅವನ ವಾದಗಳನ್ನು ಒಂದೊಂದಾಗಿ ತೂಗಿನೋಡಿದೆ.

ಪ್ರತಿಸ್ಪರ್ಧಿಗಳ ಭಯ ಸುಳ್ಳಲ್ಲ. ಐಬಿಎಂ ಕಂಪನಿ 1981ರಲ್ಲಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ, ಮಂಡಲಚಿತ್ರಗಳನ್ನೂ ಮೂಲ ಪ್ರೋಗ್ರಾಮಿನ ಪೂರ್ಣ ಪಾಠವನ್ನೂ ಒಳಗೊಂಡ ತಾಂತ್ರಿಕ ಕೈಪಿಡಿಯನ್ನು ಮಾರಾಟಕ್ಕಿಟ್ಟಿತು. ಮರುವರ್ಷವೇ ಕಾಂಪ್ಯಾಕ್ ಎಂಬ ಹೊಸ ಕಂಪನಿ ಅದರೊಡನೆ ಹೊಂದಿಕೊಳ್ಳುವ ಕಂಪ್ಯೂಟರನ್ನು ಪ್ರಕಟಿಸಿತು. ಅದರ ಮೂಲ ಪ್ರೋಗ್ರಾಮನ್ನು ನಕಲು ಮಾಡದೆ ಹೊಸದಾಗಿಯೇ ಬರೆದುಕೊಂಡಿತ್ತು. ಬಳಿಕ ಅಂಥ ಕಂಪನಿಗಳು ಹತ್ತಾರು ಹುಟ್ಟಿದವು. 2005ರಲ್ಲಿ ಐಬಿಎಂ ಆ ವ್ಯಾಪಾರವನ್ನೇ ಚೀನಾದ ಲೆನೊವೊಗೆ ಮಾರಿ ಕೈತೊಳೆದುಕೊಂಡಿತು. ಸೋದರಳಿಯನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲವೆಂದು ಮೊದಲು ತೋರುತ್ತದೆ. ಆದರೆ ಇಲ್ಲಿ ನಷ್ಟಕ್ಕೊಳಗಾದುದು ಸಿದ್ಧ ಯಂತ್ರ ತಯಾರಿಸಿದ ಕಂಪನಿ. ಆ ಯಂತ್ರದ ಬಿಡಿಭಾಗವಾದ ಪ್ರೊಸೆಸರನ್ನು ತಯಾರಿಸುತ್ತಿದ್ದ ಇಂಟೆಲ್ ನಷ್ಟಪಡಲಿಲ್ಲ. ಹತ್ತಾರು ಕಂಪನಿಗಳು ಅದೇ ಬಗೆಯ ಯಂತ್ರ ಮಾಡಿದಷ್ಟೂ ಇಂಟೆಲಿನ ಮಾರಾಟ ಬೆಳೆಯಿತು. ಬಿಡಿಭಾಗದ ವಿವರವನ್ನು ಹೆಚ್ಚು ಜನ ಅರಿತಷ್ಟೂ ಅದನ್ನು ಕೊಳ್ಳುವವರು ಹೆಚ್ಚುತ್ತಾರೆ. 555 ಐವತ್ತು ವರ್ಷ ಬಾಳಿದ್ದು ಹೀಗೆಯೇ ಅಲ್ಲವೆ?

ಇನ್ನೊಂದು ಮಾತು. ಪ್ರತಿಸ್ಪರ್ಧಿಯ ಬಳಿ ಹಣವಿದೆ, ಪ್ರಯೋಗಾಲಯವಿದೆ. ಐಸಿಯ ಹೊದಿಕೆಯನ್ನು ಆಮ್ಲದಲ್ಲಿ ಕರಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಪದರ ಪದರವಾಗಿ ಓದುವ ಸಾಮರ್ಥ್ಯ ಅವನಿಗುಂಟು. ಉಜ್ಜಿ ಅಳಿಸಿದ ಅಂಕಿಗಳು ಅವನನ್ನು ತಡೆಯುವುದಿಲ್ಲ. ಅವು ತಡೆಯುವುದು ಟಾರ್ಚ್ ಹಿಡಿದು ಕುಳಿತ ರಿಪೇರಿಯವನನ್ನು ಮಾತ್ರ.

ದೋಷ ಬಯಲಾಗುವ ಭಯವನ್ನು ಅಳಿಯ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅದೂ ಇರುತ್ತದೆ. ಇದಕ್ಕೆ ಗಣಿತದವರಿಗೆ ಪ್ರಿಯವಾಗುವ ನಿದರ್ಶನವೊಂದಿದೆ. ಅಮೆರಿಕದ ವರ್ಜೀನಿಯಾದ ಕಾಲೇಜೊಂದರಲ್ಲಿ ಗಣಿತ ಪ್ರಾಧ್ಯಾಪಕರಾಗಿದ್ದ ಥಾಮಸ್ ನೈಸ್ಲಿ ಎಂಬುವರು 1994ರಲ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ಮೇಲೆ ಲೆಕ್ಕ ಮಾಡುತ್ತಿದ್ದರು. ಎರಡರ ಅಂತರದಲ್ಲಿರುವ ಅವಿಭಾಜ್ಯಗಳ ಜೋಡಿಗೆ ಆ ಹೆಸರು, 11 ಮತ್ತು 13, 17 ಮತ್ತು 19 ಹೀಗೆ. ಒಂದನ್ನು 824633702441 ಎಂಬ ಸಂಖ್ಯೆಯಿಂದ ಭಾಗಿಸಿದಾಗ ಉತ್ತರ ತಪ್ಪು ಬರುತ್ತಿತ್ತು. ಪ್ರೋಗ್ರಾಮನ್ನು ತಿಂಗಳುಗಟ್ಟಲೆ ಶೋಧಿಸಿ, ಕೊನೆಗೆ ತಪ್ಪಿರುವುದು ಪೆಂಟಿಯಂ ಪ್ರೊಸೆಸರಿನಲ್ಲಿಯೇ ಎಂದು ಅವರು ಅಕ್ಟೋಬರಿನಲ್ಲಿ ಬರೆದು ತಿಳಿಸಿದರು. ಇಂಟೆಲ್‌ಗೆ ಆ ದೋಷ ಮೊದಲೇ ಗೊತ್ತಿತ್ತು, ಬಳಸುವವರಿಗೆ ತಿಳಿಸಿರಲಿಲ್ಲ. ನಿಖರವಾದ ಲೆಕ್ಕ ತಮಗೆ ಅಗತ್ಯವೆಂದು ತೋರಿಸಿದವರಿಗೆ ಮಾತ್ರ ಬದಲಿ ಕೊಡುತ್ತೇವೆಂದು ಮೊದಲು ಹೇಳಿ, ಜನರ ಕೋಪಕ್ಕೆ ತುತ್ತಾಗಿ, ಡಿಸೆಂಬರಿನಲ್ಲಿ ಕೇಳಿದವರಿಗೆಲ್ಲ ಬದಲಿಸಿಕೊಡಲು ಒಪ್ಪಿತು. ಅದಕ್ಕಾಗಿ ಅದು ಲೆಕ್ಕಕ್ಕೆ ಬರೆದುಕೊಂಡ ವೆಚ್ಚ 47.5 ಕೋಟಿ ಡಾಲರ್. ಇಂದು ಅದೇ ಕಂಪನಿ ತನ್ನ ಪ್ರೊಸೆಸರುಗಳ ತಪ್ಪೋಲೆಯನ್ನು ಎಲ್ಲರೂ ಓದುವಂತೆ ಪ್ರಕಟಿಸುತ್ತದೆ. ಮುಚ್ಚಿಡುವುದು ಅಗ್ಗವೆಂದು ತೋರಿದರೂ ಕಡೆಗೆ ದುಬಾರಿಯಾಗುತ್ತದೆ. ನೈಸ್ಲಿಯವರು ಸಗಟು ಗ್ರಾಹಕರಾಗಿರಲಿಲ್ಲ, ಕೊನೆಯ ಬಳಕೆದಾರರಾಗಿದ್ದರು ಎಂಬುದನ್ನೂ ಗಮನಿಸಬೇಕು.

"ಸಾವಿರ ಪುಟ ಯಾರು ಓದುತ್ತಾರೆ?" ಎಂಬ ಪ್ರಶ್ನೆಗೆ ನಮ್ಮ ಹಳ್ಳಿಗಳಲ್ಲಿಯೇ ಉತ್ತರವಿದೆ. ಪಂಚಾಂಗವನ್ನು ಊರವರೆಲ್ಲರೂ ಓದುತ್ತಿರಲಿಲ್ಲ. ಓದಲು ಬಲ್ಲವರು ಒಬ್ಬರಿದ್ದರು. ಯುಗಾದಿಯ ದಿನ ಅವರು ಓದಿದರೆ ಊರಿಗೆಲ್ಲ ಮಳೆ ಬೆಳೆಯ ಮಾತು ತಲುಪುತ್ತಿತ್ತು. ಓದುವವರು ಕಡಿಮೆ ಎಂದು ಪಂಚಾಂಗವನ್ನೇ ಅಚ್ಚುಹಾಕದಿದ್ದರೆ ಆ ಒಬ್ಬರೂ ಇರುತ್ತಿರಲಿಲ್ಲ. ಇನ್ನು ಪ್ರಶ್ನೆಗಳಿಗೆ ಉತ್ತರಿಸುವ ಖರ್ಚಿನ ಮಾತು. ಪ್ರಕಟಿಸುವುದು ಬೇರೆ, ಪಾಠ ಹೇಳುವುದು ಬೇರೆ. ಪಠ್ಯಪುಸ್ತಕ ಅಚ್ಚುಮಾಡಿದವರೇ ಪ್ರತಿ ಮನೆಗೆ ಬಂದು ಪಾಠ ಹೇಳಬೇಕೆಂದು ಯಾರೂ ಕೇಳುವುದಿಲ್ಲ. ಯಂತ್ರ ಮಾಡುವ ಗ್ರಾಹಕರಿಗಾಗಿ ಆ ಸಾವಿರ ಪುಟಗಳನ್ನು ಹೇಗೂ ಬರೆದಾಗಿದೆ, ಬಾಗಿಲು ತೆರೆದಿಟ್ಟರೆ ಸಾಕು.

ಅಪಾಯದ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರವಾದುದು. ಅದನ್ನು ಯೋಚಿಸುತ್ತಿದ್ದಾಗ ಅಕ್ಕನಿಗೆ ಗುಳಿಗೆ ಕೊಡುವ ಹೊತ್ತಾಯಿತು. ಗುಳಿಗೆಯ ಹಾಳೆಯ ಹಿಂದೆ ಅದರಲ್ಲಿ ಯಾವ ಔಷಧ ಎಷ್ಟು ಮಿಲಿಗ್ರಾಂ ಇದೆಯೆಂದು ಅಚ್ಚಾಗಿತ್ತು. ಔಷಧ ತಪ್ಪಾಗಿ ಬಳಸಿದರೆ ಪ್ರಾಣ ಹೋಗುತ್ತದೆ. ಹಾಗೆಂದು ಅದರ ಹೆಸರನ್ನು ಉಜ್ಜಿ ಅಳಿಸುವುದಿಲ್ಲ, ಅಪಾಯವಿರುವುದರಿಂದಲೇ ಬರೆದಿರಬೇಕೆಂದು ಕಾನೂನು ವಿಧಿಸುತ್ತದೆ. ಲಿಥಿಯಂ ಬ್ಯಾಟರಿಯ ಚಾರ್ಜಿಂಗ್ ಐಸಿಯ ಮಿತಿ ಎಷ್ಟು ವೋಲ್ಟ್ ಎಂದು ತಿಳಿದವನು ಎಚ್ಚರಿಕೆಯಿಂದಿರುತ್ತಾನೆ, ತಿಳಿಯದವನು ಅಂದಾಜಿನಿಂದ ಬದಲಿಸುತ್ತಾನೆ. ಮೂರು ಐಸಿಗಳನ್ನು ಸುಟ್ಟ ನಾನೇ ಇದಕ್ಕೆ ಸಾಕ್ಷಿ. ಪುಸ್ತಕ ಸಿಕ್ಕಿದ ಮೇಲೆ ನಾನು ಒಂದನ್ನೂ ಸುಡಲಿಲ್ಲ.

ಹಾಗಾದರೆ ಎಲ್ಲವನ್ನೂ ಕೊಡಬೇಕೆ? ಇಲ್ಲಿ ನಾನು ಅಳಿಯನ ಮಾತನ್ನು ಅರ್ಧ ಒಪ್ಪುತ್ತೇನೆ. ವಿವರಗಳಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು, ವಸ್ತುವಿನ ಹೆಸರು, ಕಾಲುಗಳ ಕೆಲಸ, ತಡೆಯಬಲ್ಲ ವೋಲ್ಟೇಜು, ವಿದ್ಯುತ್ಪ್ರವಾಹ, ತಾಪ. ಎರಡನೆಯದು, ಅದನ್ನು ಹೇಗೆ ನಡೆಸಬೇಕು, ಯಾವ ಆಜ್ಞೆಗೆ ಏನು ಮಾಡುತ್ತದೆ, ಅದರಲ್ಲಿ ಗೊತ್ತಾಗಿರುವ ದೋಷಗಳೇನು ಎಂಬ ವಿವರ. ಮೂರನೆಯದು, ಒಳಗಿನ ವಿನ್ಯಾಸ ಮತ್ತು ತಯಾರಿಸುವ ವಿಧಾನ. ಮೂರನೆಯದು ತಯಾರಕರ ಬುದ್ಧಿಯ ಫಲ, ಅದನ್ನು ಕೇಳುವ ಹಕ್ಕು ನಮಗಿಲ್ಲ. ನಮ್ಮ ದೇಶದಲ್ಲಿಯೂ 2000ದ ಅರೆವಾಹಕ ಸಂಯುಕ್ತ ಮಂಡಲಗಳ ವಿನ್ಯಾಸ ಕಾಯಿದೆಯು ನೋಂದಾಯಿತ ವಿನ್ಯಾಸಗಳಿಗೆ ಹತ್ತು ವರ್ಷಗಳ ರಕ್ಷಣೆ ನೀಡುತ್ತದೆ. ಸಂಶೋಧನೆಗಾಗಿ, ಬೋಧನೆಗಾಗಿ ಪರಿಶೀಲಿಸುವುದನ್ನು ಅದೇ ಕಾಯಿದೆ ಅಪರಾಧವೆಂದು ಎಣಿಸುವುದಿಲ್ಲ. ಮೇಷ್ಟ್ರಾದವನಿಗೆ ಇದು ಸಂತೋಷದ ಮಾತು. ಮೊದಲ ಎರಡು ಮೆಟ್ಟಿಲುಗಳು ಮಾತ್ರ ವಸ್ತುವಿನ ಜೊತೆಯಲ್ಲಿಯೇ ಬರಬೇಕು. ಹಣ ಕೊಟ್ಟು ಕೊಂಡದ್ದನ್ನು ಬಳಸಲು, ಕೆಟ್ಟರೆ ಸರಿಪಡಿಸಲು ಅವಿಲ್ಲದೆ ಸಾಧ್ಯವಿಲ್ಲ.

ಹೀಗೆ ಕೊಡುವುದು ಅಸಾಧ್ಯವೇನಲ್ಲ. ಮಕ್ಕಳಿಗೆ ಕಂಪ್ಯೂಟರ್ ಕಲಿಸಲೆಂದು ಇಂಗ್ಲೆಂಡಿನಲ್ಲಿ ರೂಪುಗೊಂಡ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಪುಟ್ಟ ಬೋರ್ಡು 2012ರ ಫೆಬ್ರವರಿಯಲ್ಲಿ ಹೊರಬಂದಾಗ, ಅದರ ಮುಖ್ಯ ಐಸಿಯ ಚಿತ್ರಭಾಗದ ವಿವರಗಳು ಗುಟ್ಟಾಗಿದ್ದವು. ಸರಿಯಾಗಿ ಎರಡು ವರ್ಷಗಳ ಬಳಿಕ, 2014ರ ಫೆಬ್ರವರಿಯಲ್ಲಿ, ಅದನ್ನು ತಯಾರಿಸಿದ ಬ್ರಾಡ್‌ಕಾಮ್ ಕಂಪನಿ ಆ ದಾಖಲೆಗಳನ್ನು ಸಾರ್ವಜನಿಕಗೊಳಿಸಿತು. ಕಂಪನಿ ಮುಳುಗಲಿಲ್ಲ, ಬೋರ್ಡಿನ ಮಾರಾಟವೂ ನಿಲ್ಲಲಿಲ್ಲ.

ಸರ್ಕಾರಗಳೂ ಎಚ್ಚೆತ್ತಿವೆ. ನಮ್ಮ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿಯೊಂದನ್ನು ನೇಮಿಸಿ, ಅದೇ ಡಿಸೆಂಬರಿನಲ್ಲಿ ಅದಕ್ಕಾಗಿ ಅಂತರ್ಜಾಲ ತಾಣವೊಂದನ್ನು ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತುಗಳು, ವಾಹನಗಳು ಎಂಬ ನಾಲ್ಕು ಕ್ಷೇತ್ರಗಳನ್ನು ಆರಿಸಿಕೊಂಡಿತು. ಯುರೋಪಿನ ಒಕ್ಕೂಟ 2024ರಲ್ಲಿ ದುರಸ್ತಿಯ ಹಕ್ಕಿನ ನಿರ್ದೇಶನವನ್ನು ಅಂಗೀಕರಿಸಿತು. ಇವೆಲ್ಲ ಸ್ವಾಗತಾರ್ಹ. ಆದರೆ ಇವುಗಳ ದೃಷ್ಟಿ ಹೆಚ್ಚಾಗಿ ಅಂಗಡಿಯಲ್ಲಿ ಸಿಗುವ ಸಿದ್ಧ ವಸ್ತುವಿನ ಮೇಲೆ. ಆ ವಸ್ತುವಿನೊಳಗಿನ ಕಪ್ಪು ಚೌಕದ ತಯಾರಕರು ಇಬ್ಬರ ನಡುವೆ ಮರೆಯಾಗಿ ನಿಲ್ಲುತ್ತಾರೆ. ಕೇಳಿದರೆ ಬಿಡಿಭಾಗದವರು ಯಂತ್ರದವರತ್ತ ಕೈತೋರಿಸುತ್ತಾರೆ, ಯಂತ್ರದವರು ಬಿಡಿಭಾಗದವರೊಂದಿಗಿನ ಕರಾರನ್ನು ತೋರಿಸುತ್ತಾರೆ. ನಡುವೆ ಆಮ್ಲಜನಕದ ಯಂತ್ರ ನಿಂತಿರುತ್ತದೆ.

ಇನ್ವರ್ಟರಿನ ಹೊಸ ಬೋರ್ಡು ಬಂದ ದಿನ ನನ್ನ ವಿದ್ಯಾರ್ಥಿಯೇ ಅದನ್ನು ಜೋಡಿಸಿದ. ಹಣ ತೆಗೆದುಕೊಳ್ಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಸಾರ್, ದೀಪಾವಳಿ ಆದಮೇಲೆ ಅಂಗಡಿ ಮುಚ್ಚೋಣ ಅಂತಿದ್ದೀನಿ. ಕೈ ನಡುಗಲ್ಲ, ಕಣ್ಣೂ ಚೆನ್ನಾಗಿದೆ. ಆದರೆ ಬರೋ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಆಗಲ್ಲ ಅಂತ ವಾಪಸ್ ಕಳಿಸೋದೇ ಆಗಿದೆ. ಬಂದವರು ನನಗೆ ಕೆಲಸ ಬರಲ್ಲ ಅಂದ್ಕೊಂಡು ಹೋಗ್ತಾರೆ" ಎಂದ. ನಾನು ಏನೂ ಹೇಳಲಾಗಲಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯನ್ನೇ ಕೊಡದೆ, ಉತ್ತರ ಬರೆಯಲಿಲ್ಲವೆಂದು ಹುಡುಗನನ್ನು ನಪಾಸು ಮಾಡಿದಂತೆ ಆಗಿತ್ತು ಅವನ ಸ್ಥಿತಿ.

ಸೋದರಳಿಯ ಅಲ್ಲಿಯೇ ಇದ್ದ. ತಾಯಿಯನ್ನು ನೋಡಲು ಆ ವಾರವೂ ಬಂದಿದ್ದ. ಅವನು ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆಯಲ್ಲಿಯೇ ಅಂಗಡಿಗೆ ಹೋದ. ಮೂರು ಗಂಟೆಯ ಮೇಲೆ ಹಿಂದಿರುಗಿ ಬಂದು, ಅಂಗಡಿಯ ಗೋಡೆಗೆ ಗಾಜು ಹಾಕಿಸಿ ತೂಗುಹಾಕಿದ್ದ ಹಾಳೆಯೊಂದರ ಬಗ್ಗೆ ಹೇಳಿದ. 1984ರಲ್ಲಿ ಹುಡುಗನೊಬ್ಬ ನೀಲಿ ಶಾಯಿಯಲ್ಲಿ ನಕಲು ಮಾಡಿಕೊಂಡಿದ್ದ 555ರ ಪುಟ ಅದು. "ಮಾವ, ನಾನೂ ಇಂಜಿನಿಯರಿಂಗ್ ಓದುವಾಗ ಅದೇ ಪುಟದಿಂದ ಶುರುಮಾಡಿದ್ದು" ಎಂದು ಹೇಳಿ ಸುಮ್ಮನಾದ. ತನ್ನ ಕಂಪನಿಯ ಹಳೆಯ ಐಸಿಗಳ ಕೈಪಿಡಿಗಳನ್ನಾದರೂ ಕರಾರಿಲ್ಲದೆ ಪ್ರಕಟಿಸಬೇಕೆಂದು ಮೇಲಿನವರಿಗೆ ಪತ್ರ ಬರೆದಿದ್ದಾನೆ. ಈ ಸಾಲು ಬರೆಯುವವರೆಗೆ ಉತ್ತರ ಬಂದಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಬೆಂಗಳೂರಿನಲ್ಲಿಯೂ ವಿದೇಶಗಳಲ್ಲಿಯೂ ಇಂಥ ಕಂಪನಿಗಳಲ್ಲಿದ್ದೀರಿ. ನಿಮ್ಮಲ್ಲಿ ಯಾರಾದರೊಬ್ಬರ ಮೇಜಿನ ಮೇಲೆ, ಈ ವಿವರವನ್ನು ಬಹಿರಂಗಪಡಿಸಬೇಕೇ ಬೇಡವೇ ಎಂಬ ಕಾಗದ ಎಂದಾದರೂ ಬಂದೀತು. ಆಗ ನಿಮ್ಮೊಂದಿಗೆ ಕೊನೆಯ ಬೆಂಚಿನಲ್ಲಿ ಕೂತಿದ್ದವನನ್ನು, 12ನೆಯ ಸೆಕೆಂಡು ಎಲ್ಲಿಂದ ಬಂತೆಂದು ಕೇಳಿದವನನ್ನು, ಒಮ್ಮೆ ನೆನೆಯಿರಿ. ಊರಿಗೆ ಬಂದಾಗ ಅವನ ಅಂಗಡಿಗೆ ಹೋಗಿ ಮಾತಾಡಿಸಿ. ದೀಪಾವಳಿಗಿನ್ನೂ ಸಮಯವಿದೆ. ಅಕ್ಕ ಚೆನ್ನಾಗಿದ್ದಾರೆ, ಎಲ್ಲರನ್ನೂ ಕೇಳಿದೆನೆಂದು ಬರೆಯಲು ಹೇಳಿದ್ದಾರೆ.